ಮುಂದಿನ ಸಾಲು ನಿಂಗೇ ಗೊತ್ತಲ್ಲ

ಹೋದ ತಿಂಗಳು ಒಂದು ರಾತ್ರಿ ನನಗೊಂದು ಲಿಂಕ್ ಬಂತು. ಕಳಿಸಿದವಳಿಗೆ ಇಪ್ಪತ್ತೊಂದು ವರ್ಷ. ಅದು ಅವಳ ಮೊದಲ ಕಿರುಚಿತ್ರ. ಒಂಬತ್ತು ನಿಮಿಷದ್ದು, ಇನ್ನೂ ರಫ್ ಕಟ್, ಅಂದರೆ ಪೂರ್ತಿ ತಿದ್ದದ ಕಚ್ಚಾ ಜೋಡಣೆ. ಜೊತೆಗೆ ಒಂದೇ ಸಾಲಿನ ಮೆಸೇಜ್: "ಅಕ್ಕಾ, ಸೌಂಡ್ ಹೇಗಿದೆ ಅಂತ ಕೇಳಿ ಹೇಳಿ."

ನಾನು ಹಲವು ವರ್ಷ ಸೌಂಡ್ ಎಡಿಟಿಂಗ್ ಮಾಡಿದವಳು. ಹೊಸಬರ ಚಿತ್ರ ನೋಡುವುದು, ಕೇಳಿದರೆ ನಾಲ್ಕು ಮಾತು ಹೇಳುವುದು ನನಗೆ ತುಂಬಾ ಇಷ್ಟದ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಕೂತೆ.

ಚಿತ್ರದ ನಡುವೆ ಇರುವುದು ಅವಳ ತಾತನ ಒಂದು ಕ್ಯಾಸೆಟ್. ಅವಳ ಅಮ್ಮ ಕೆಲಸಕ್ಕೆಂದು ಬಹಳ ದೂರ ಹೋಗಿದ್ದಾಗ ತಾತ ಕಾಗದ ಬರೆಯಲಿಲ್ಲ. ಕ್ಯಾಸೆಟ್‌ನಲ್ಲಿ ಮಾತಾಡಿ ಅಂಚೆಗೆ ಹಾಕಿದರು. 1963ರಲ್ಲಿ ಫಿಲಿಪ್ಸ್ ಕಂಪನಿ ಈ ಪುಟ್ಟ ಕ್ಯಾಸೆಟ್ ತಂದ ಮೇಲೆ ಎಷ್ಟೋ ದೇಶಗಳಲ್ಲಿ ಮನೆ ಬಿಟ್ಟು ಹೋದವರಿಗೆ ಮನೆಯವರು ಹೀಗೆ ದನಿ ಕಳಿಸುತ್ತಿದ್ದರು. ಅಕ್ಷರ ಬಾರದವರಿಗೂ ಇದು ಕಾಗದವಾಯಿತು. ತಾತನ ಕ್ಯಾಸೆಟ್‌ನಲ್ಲಿ ಮೊದಲು ಮನೆಯ ಸುದ್ದಿ, ಆರೋಗ್ಯದ ಸುದ್ದಿ. ಕೊನೆಯಲ್ಲಿ ಒಂದು ಹಾಡು. ಮಗಳು ಚಿಕ್ಕವಳಿದ್ದಾಗ ಅವಳನ್ನು ಮಲಗಿಸಲು ಹಾಡುತ್ತಿದ್ದದ್ದು.

ರಫ್ ಕಟ್‌ನಲ್ಲಿ ತಾತ ಮೊದಲ ಸಾಲು ಹಾಡಿದ ಕೂಡಲೇ ಅವರ ದನಿ ಮೆಲ್ಲಗೆ ಕರಗುತ್ತದೆ. ಅದರ ಜಾಗದಲ್ಲಿ ಒಬ್ಬ ಗಾಯಕಿಯ ದನಿ ಏರುತ್ತದೆ. ಹಿಂದೆ ಪಿಯಾನೊ, ಆಮೇಲೆ ಕೊಳಲು. ಹಾಡು ಪೂರ್ತಿ ಬರುತ್ತದೆ. ಶ್ರುತಿ ಸರಿ, ತಾಳ ಸರಿ. ಆದರೂ ನನ್ನೊಳಗೆ ಏನೂ ಆಗಲಿಲ್ಲ. ಮತ್ತೊಂದು ಸಲ ಕೇಳಿದೆ. ಆಗಲೂ ಆಗಲಿಲ್ಲ. ಅವಳಿಗೆ ಫೋನ್ ಮಾಡಿದೆ.

"ಕ್ಯಾಸೆಟ್‌ನಲ್ಲಿ ತಾತ ಪೂರ್ತಿ ಹಾಡಿಲ್ವಾ?"

"ಹಾಡಿದ್ದಾರೆ ಅಕ್ಕಾ. ಆದ್ರೆ ಎರಡನೇ ಸಾಲು ಮರೆತುಬಿಟ್ಟಿದ್ದಾರೆ. ಅದಕ್ಕೇ ನಾನೇ ಒಂದು ಸಾಲು ಬರೆದು ಬೇರೆಯವರ ಹತ್ತಿರ ಹಾಡಿಸಿದೆ."

"ಅಮ್ಮನಿಗೆ ಆ ಸಾಲು ಗೊತ್ತಿಲ್ವಾ?"

"ಅಮ್ಮನಿಗೂ ನೆನಪಿಲ್ಲ. ತಾತ ತಪ್ಪು ಹಾಡಿದ್ರು ಅಂತ ಜನ ಅಂದ್ಕೋಬಾರದು ಅಲ್ವಾ ಅಕ್ಕಾ?"

ಆ ಕೊನೆಯ ಮಾತಿನಲ್ಲಿ ಇದ್ದದ್ದು ಪ್ರೀತಿ. ಅದು ನನಗೆ ಅರ್ಥವಾಯಿತು. ಆದರೂ ಹೇಳಿದೆ, "ಕ್ಯಾಸೆಟ್‌ನಿಂದ ತೆಗೆದ ಫೈಲ್ ಹಾಗೇ ಕಳಿಸು, ಏನೂ ಮಾಡಬೇಡ."

ಫೈಲ್ ಬಂತು. ಅದನ್ನೂ ಅವಳು ಆಗಲೇ ಸಾಫ್ಟ್‌ವೇರ್‌ಗೆ ಹಾಕಿ ಸರಸರ ಸದ್ದನ್ನೆಲ್ಲ ತೆಗೆದಿದ್ದಳು. ಇರಲಿ ಎಂದು ಕೇಳಿದೆ. ತಾತ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೊದಲ ಸಾಲು ಹಾಡುತ್ತಾರೆ. ದನಿ ಸ್ವಲ್ಪ ನಡುಗುತ್ತದೆ, ಧಾಟಿ ಮಾತ್ರ ಗಟ್ಟಿ. ಎರಡನೇ ಸಾಲಿಗೆ ಬಂದಾಗ ಮಾತು ಸಿಗುವುದಿಲ್ಲ. ಗುನುಗುತ್ತಾರೆ. ಅರ್ಧಕ್ಕೆ ಗುನುಗುವುದೂ ನಿಲ್ಲುತ್ತದೆ. ಹನ್ನೊಂದು ಸೆಕೆಂಡ್ ಏನೂ ಇಲ್ಲ. ಆಮೇಲೆ ಮೆಲ್ಲಗೆ ಹೇಳುತ್ತಾರೆ, "ಮುಂದಿನ ಸಾಲು ನಿಂಗೇ ಗೊತ್ತಲ್ಲ ಪುಟ್ಟಿ." ಮತ್ತೆ ಮೂರನೇ ಸಾಲಿನಿಂದ ಹಾಡು ಮುಂದುವರಿಯುತ್ತದೆ.

ಪುಟ್ಟಿಗೂ ಆ ಸಾಲು ಗೊತ್ತಿಲ್ಲ. ತಾತ ಈಗ ಇಲ್ಲ. ಅಂದರೆ ಆ ಹಾಡು ಇವತ್ತು ಈ ಲೋಕದಲ್ಲಿ ಇರುವುದೇ ಹೀಗೆ, ನಡುವೆ ಒಂದು ತೂತು ಇಟ್ಟುಕೊಂಡು. ಆ ತೂತಿನ ಬಗ್ಗೆಯೇ ನಾನು ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ.

ಹೊಸಬರ ಕಿರುಚಿತ್ರಗಳಲ್ಲಿ ಮೂರು ಸಂಗತಿಗಳು ಒಟ್ಟೊಟ್ಟಿಗೆ ಬರುವುದನ್ನು ಬಹಳ ದಿನಗಳಿಂದ ನೋಡುತ್ತಿದ್ದೇನೆ. ಒಂದು ಹಾಡು, ಒಂದು ಹಳೆಯ ನೆನಪು, ನಾನು ಯಾರು ಎನ್ನುವ ಪ್ರಶ್ನೆ. ಇಪ್ಪತ್ತರ ವಯಸ್ಸಿಗೆ ಎಂಥ ನೆನಪು ಎಂದು ಕೆಲವರು ಕೇಳುತ್ತಾರೆ. ನನಗೆ ಆ ಪ್ರಶ್ನೆ ಸರಿ ಅನ್ನಿಸುವುದಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋಗುವುದನ್ನು ಮೊದಲ ಸಲ ಹತ್ತಿರದಿಂದ ನೋಡುವುದು ಈ ವಯಸ್ಸಿನಲ್ಲೇ. ಮನೆಯಲ್ಲಿ ಹಳೆಯ ಪೆಟ್ಟಿಗೆ ತೆರೆಯುವ ಕುತೂಹಲ ಇರುವುದೂ ಇವರಿಗೇ. ಇನ್ನೊಂದು ಕಾರಣವೂ ಇದೆ. ವಯಸ್ಸಾದವರನ್ನು ನಿಮ್ಮ ಬದುಕಿನ ನೆನಪುಗಳನ್ನು ಹೇಳಿ ಎಂದು ಮನಶ್ಶಾಸ್ತ್ರದವರು ಕೇಳಿದಾಗ, ಹತ್ತರಿಂದ ಮೂವತ್ತರ ನಡುವಿನ ವರ್ಷಗಳೇ ಜಾಸ್ತಿ ಬರುತ್ತವೆ. ಹಾಡುಗಳ ವಿಷಯದಲ್ಲೂ ಹಾಗೇ, ಹದಿಹರೆಯದಲ್ಲಿ ಕೇಳಿದ್ದು ಗಟ್ಟಿಯಾಗಿ ಕೂರುತ್ತದೆ. ಈ ಹುಡುಗ ಹುಡುಗಿಯರು ಆ ವರ್ಷಗಳ ಒಳಗೇ ನಿಂತು ಚಿತ್ರ ಮಾಡುತ್ತಿದ್ದಾರೆ. ಮುಂದೆ ಐವತ್ತು ವರ್ಷ ತಲೆಯಲ್ಲಿ ಉಳಿಯುವ ಹಾಡು ಈ ವಾರ ಅವರ ಕಿವಿಗೆ ಬೀಳುತ್ತಿರಬಹುದು.

ನೆನಪಿನ ಸಂಕಟಕ್ಕೆ ಹೆಸರಿಟ್ಟವನೂ ಒಬ್ಬ ಹುಡುಗನೇ. 'ನಾಸ್ಟಾಲ್ಜಿಯ' ಎನ್ನುವ ಪದವನ್ನು ಕಟ್ಟಿದ್ದು ಯೊಹಾನೆಸ್ ಹೋಫರ್. 1688ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, ತನ್ನ ಪ್ರಬಂಧಕ್ಕಾಗಿ. ಆಗ ಅವನಿಗೆ ಹತ್ತೊಂಬತ್ತು. ಮನೆಗೆ ಮರಳುವುದು ಎನ್ನುವ ಗ್ರೀಕ್ ಪದಕ್ಕೆ ನೋವು ಎನ್ನುವ ಗ್ರೀಕ್ ಪದ ಸೇರಿಸಿದ. ಅವನ ಲೆಕ್ಕದಲ್ಲಿ ಅದು ನಿಜವಾದ ಕಾಯಿಲೆ. ಮನೆಯಿಂದ ದೂರ ಇರುವವರಿಗೆ ಬರುವಂಥದ್ದು. ಆಮೇಲೆ ಬಂದವರು ಆ ಕಾಯಿಲೆಗೆ ಒಂದು ಹಾಡನ್ನೂ ಜೋಡಿಸಿದರು. ಆಲ್ಪ್ಸ್ ಬೆಟ್ಟಗಳಲ್ಲಿ ದನ ಕಾಯುವವರು ಹಸುಗಳನ್ನು ಕರೆಯಲು ಹಾಡುವ ಧಾಟಿ ಅದು. ಪರದೇಶದಲ್ಲಿ ದುಡಿಯುವ ಸ್ವಿಸ್ ಸೈನಿಕರು ಅದನ್ನು ಕೇಳಿದರೆ ಅಳುತ್ತಾರೆ, ಸೈನ್ಯ ಬಿಟ್ಟು ಓಡುತ್ತಾರೆ, ಆದ್ದರಿಂದ ಅದನ್ನು ನುಡಿಸುವುದಕ್ಕೇ ನಿಷೇಧವಿತ್ತು ಎಂದು ರೂಸೊ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆಯುತ್ತಾನೆ.

ರೂಸೊ ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಧಾಟಿಯಲ್ಲಿ ಅಂಥ ಶಕ್ತಿ ಏನಿದೆ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ ಎನ್ನುತ್ತಾನೆ. ಹೊರಗಿನವರಿಗೆ ಅದು ಸುಮ್ನೆ ಒಂದು ಹಾಡು. ಕೇಳುವವನಿಗೆ ತನ್ನ ಊರು, ತನ್ನ ಹಳೆಯ ದಿನಗಳು ನೆನಪಾಗುವುದರಿಂದ ಮಾತ್ರ ಅದು ಕೆಲಸ ಮಾಡುತ್ತದೆ. ಅಲ್ಲಿ ಸಂಗೀತ ಸಂಗೀತವಾಗಿ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಮಾಡುತ್ತಿದೆ. ಇದು ಅವನ ಮಾತಿನ ಸಾರ.

ಕಿರುಚಿತ್ರ ಮಾಡುವ ಪ್ರತಿಯೊಬ್ಬರಿಗೂ ಈ ಮಾತನ್ನು ಕೂರಿಸಿಕೊಂಡು ಹೇಳಬೇಕು ಅನ್ನಿಸುತ್ತದೆ. ಯಾಕೆಂದರೆ ಅವರ ಎಲ್ಲ ಕಷ್ಟವೂ ಇದರಲ್ಲಿದೆ. ನಿನ್ನ ತಾತನ ಹಾಡು ನಿನಗೆ ಗುರುತು. ನನಗಲ್ಲ. ಕತ್ತಲ ಕೋಣೆಯಲ್ಲಿ ಕೂತ ನೋಡುಗನಿಗೆ ನಿನ್ನ ತಾತ ಯಾರೋ. ಅವನ ಕಣ್ಣಲ್ಲಿ ನೀರು ತರಿಸಬೇಕೆಂದು ಪಿಯಾನೊ, ಕೊಳಲು ಸೇರಿಸಿದರೆ ಅವನು ಕೇಳುವುದು ಪಿಯಾನೊ ಮತ್ತು ಕೊಳಲನ್ನು. ಅವು ಅವನಿಗೆ ಬೇರೆ ನೂರು ಚಿತ್ರಗಳ ಗುರುತು.

ಹಾಗಾದರೆ ದಾರಿ ಏನು? ಚಿತ್ರದ ಒಳಗೇ ನೋಡುಗನಿಗೆ ಒಂದು ನೆನಪು ಕಟ್ಟಿಕೊಡಬೇಕು. ಇದು ಸಾಧ್ಯ. ಒಂಬತ್ತು ನಿಮಿಷದಲ್ಲೂ ಸಾಧ್ಯ. ಒಂದು ಧಾಟಿ ಮೊದಲ ಸಲ ಬಂದಾಗ ನಾವು ಅದನ್ನು ಗಮನಿಸುವುದೇ ಇಲ್ಲ. ಯಾರೋ ಬಟ್ಟೆ ಮಡಿಸುತ್ತಾ ಗುನುಗುತ್ತಿರುತ್ತಾರೆ, ಅಷ್ಟೇ. ಮೂರು ನಿಮಿಷ ಬಿಟ್ಟು ಅದೇ ಧಾಟಿ ಬೇರೆಯವರ ಬಾಯಲ್ಲಿ ಬಂದರೆ ನೋಡುಗನಿಗೆ 'ಇದನ್ನು ನಾನು ಎಲ್ಲೋ ಕೇಳಿದ್ದೇನೆ' ಅನ್ನಿಸುತ್ತದೆ. ಆ ಕ್ಷಣಕ್ಕೆ ಅವನು ಹೊರಗಿನವನಲ್ಲ. ಚಿತ್ರದವರ ಜೊತೆ ಅವನಿಗೂ ಒಂದು ಹಳೆಯ ದಿನ ಇದೆ, ಮೂರು ನಿಮಿಷದಷ್ಟು ಹಳೆಯದು. ಮೂರನೇ ಸಲ ಹಾಡು ಪೂರ್ತಿ ಬರುವುದೂ ಬೇಕಾಗಿಲ್ಲ. ಅರ್ಧ ಬಂದು ನಿಂತರೂ ಉಳಿದರ್ಧವನ್ನು ಅವನ ತಲೆಯೇ ಹಾಡಿಕೊಳ್ಳುತ್ತದೆ. ಬಹಳಷ್ಟು ಹೊಸಬರು ಹಾಡನ್ನು ಒಂದೇ ಸಲ, ದೊಡ್ಡದಾಗಿ, ಕೊನೆಯಲ್ಲಿ ಇಡುತ್ತಾರೆ. ಆಗ ಅದು ನೆನಪಾಗುವುದಕ್ಕೆ ಜಾಗವೇ ಇರುವುದಿಲ್ಲ.

ಇನ್ನು ಆ ತೂತು. ತಾತ ಮರೆತ ಸಾಲು.

ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ತಾನು ಮಾಡಿದ ಕೆಲವು ಪ್ರಯೋಗಗಳನ್ನು 1932ರಲ್ಲಿ ಪ್ರಕಟಿಸಿದ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಹೇಳಿಸಿದ. ಮತ್ತೆ ಕೆಲವು ದಿನ, ಕೆಲವು ತಿಂಗಳು ಬಿಟ್ಟು ಮತ್ತೆ ಹೇಳಿಸಿದ. ಪ್ರತಿ ಸಲವೂ ಕತೆ ಚಿಕ್ಕದಾಗುತ್ತಾ ಹೋಯಿತು. ಅವರಿಗೆ ಪರಿಚಯವಿಲ್ಲದ ಭಾಗಗಳು ಬಿದ್ದುಹೋದವು, ಇಲ್ಲವೇ ಪರಿಚಯದ ರೂಪಕ್ಕೆ ತಿರುಗಿದವು. ಕತೆಯ ತೋಡುದೋಣಿ ಹೇಳುವವರ ಬಾಯಲ್ಲಿ ಮಾಮೂಲಿ ದೋಣಿಯಾಯಿತು. ನೆನಪು ಎಂದರೆ ಒಳಗೆ ಇಟ್ಟದ್ದನ್ನು ಹಾಗೇ ಹೊರಗೆ ತೆಗೆಯುವುದಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವುದು ಎಂದು ಅವನು ತೋರಿಸಿದ.

ನಾನು ಇದನ್ನು ಹಾಡಿಗೆ ಹೊಂದಿಸಿ ನೋಡುತ್ತೇನೆ. ಸರಿಯಾಗಿ ನೆನಪಿರುವ ಹಾಡು ಎಲ್ಲರಿಗೂ ಒಂದೇ. ತಪ್ಪಾಗಿ ನೆನಪಿರುವ ಹಾಡು ಒಬ್ಬರದೇ. ನಮ್ಮಲ್ಲಿ ಪ್ರತಿಯೊಬ್ಬರೂ ಯಾವುದೋ ಹಾಡಿನ ಯಾವುದೋ ಪದವನ್ನು ಚಿಕ್ಕಂದಿನಿಂದ ತಪ್ಪಾಗಿ ಹಾಡುತ್ತಾ ಬಂದಿರುತ್ತೇವೆ, ಅಲ್ವಾ? ಆ ತಪ್ಪಿನಲ್ಲಿ ಆಗ ನಮಗೆ ಯಾವ ಪದ ಗೊತ್ತಿತ್ತು, ಯಾವುದು ಗೊತ್ತಿರಲಿಲ್ಲ, ಯಾರ ಬಾಯಿಂದ ಕಲಿತೆವು, ಎಲ್ಲಾ ಇದೆ. 'ನಾನು ಯಾರು' ಎನ್ನುವ ಪ್ರಶ್ನೆಗೆ ಉತ್ತರ ಹುಡುಕುವ ಹುಡುಗಿ ತನ್ನ ತಾತನ ತಪ್ಪನ್ನೇ ಅಳಿಸಿಬಿಟ್ಟರೆ ಆಮೇಲೆ ಎಲ್ಲಿ ಹುಡುಕುತ್ತಾಳೆ?

ದನಿಯ ಚರಿತ್ರೆಯ ಮೊದಲ ಪುಟದಲ್ಲೇ ಇಂಥ ಒಂದು ತಪ್ಪಿದೆ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1857ರಲ್ಲಿ, ಎಡ್ವರ್ಡ್ ಲಿಯೊನ್ ಸ್ಕಾಟ್ ಎನ್ನುವವನು ಪ್ಯಾರಿಸ್‌ನಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಅದು ದನಿಯ ಅಲೆಗಳನ್ನು ಗೆರೆಯಾಗಿ ಬರೆಯುತ್ತಿತ್ತು. ಬರೆಯುವುದು ಮಾತ್ರ. ಮತ್ತೆ ಕೇಳಿಸುವ ಯೋಚನೆಯೇ ಅವನಿಗಿರಲಿಲ್ಲ, ಗೆರೆಯನ್ನು ಕಣ್ಣಿಂದ ಓದಬಹುದು ಎಂದುಕೊಂಡಿದ್ದ. 1860ರ ಏಪ್ರಿಲ್‌ನಲ್ಲಿ ಒಂದು ಫ್ರೆಂಚ್ ಜನಪದ ಹಾಡಿನ ಒಂದು ತುಣುಕು ಹೀಗೆ ಕಾಗದಕ್ಕೆ ಇಳಿಯಿತು. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮತ್ತೆ ದನಿಯಾಗಿಸಿದರು. 148 ವರ್ಷ ಸುಮ್ಮನಿದ್ದ ಕಾಗದ ಹಾಡಿತು. ಯಾವುದೋ ಹೆಣ್ಣಿನ ದನಿ, ಇಲ್ಲವೇ ಮಗುವಿನದು ಎಂದು ಎಲ್ಲರೂ ಅಂದುಕೊಂಡರು. ಮುಂದಿನ ವರ್ಷ ಗೊತ್ತಾಯಿತು, ಅವರು ಎರಡು ಪಟ್ಟು ವೇಗದಲ್ಲಿ ನುಡಿಸಿದ್ದರು. ವೇಗ ಗೊತ್ತಾಗಲೆಂದು ಹಾಡಿನ ಪಕ್ಕದಲ್ಲೇ ಸ್ಕಾಟ್ ಗೆರೆಯಾಗಿಸಿದ್ದ ಶ್ರುತಿಕವಲಿನ (ಟ್ಯೂನಿಂಗ್ ಫೋರ್ಕ್) ಲೆಕ್ಕವನ್ನು ತಪ್ಪಾಗಿ ಓದಿದ್ದರು. ಸರಿಯಾದ ವೇಗಕ್ಕೆ ತಂದಾಗ ಕೇಳಿದ್ದು ಒಬ್ಬ ಗಂಡಸು, ನಿಧಾನವಾಗಿ, ಎಚ್ಚರದಿಂದ ಹಾಡುವುದು. ಅದು ಸ್ಕಾಟನದೇ ದನಿ ಎಂದು ಈಗ ಹೇಳುತ್ತಾರೆ.

ನಾನು ಎರಡನ್ನೂ ಕೇಳಿದ್ದೇನೆ. ಮೊದಲನೆಯದು ತಪ್ಪು ಎಂದು ಗೊತ್ತಿದ್ದರೂ ಆ ಹುಡುಗಿ ನನ್ನ ತಲೆಯಿಂದ ಹೋಗುವುದಿಲ್ಲ. ಒಂದು ವರ್ಷದ ಮಟ್ಟಿಗೆ ಅವಳು ಲೋಕದ ಅತಿ ಹಳೆಯ ಗಾಯಕಿಯಾಗಿದ್ದಳು.

ಗುನುಗುವಿಕೆಗೆ ಬರುತ್ತೇನೆ. ಯುವ ನಿರ್ದೇಶಕರು ಇದನ್ನು ಬಹಳ ಕಡಿಮೆ ಬಳಸುತ್ತಾರೆ ಎನ್ನುವುದು ನನ್ನ ಕೊರಗು. ಬೆಲ್ಜಿಯಂನ ಶಾಂತಾಲ್ ಆಕರ್ಮಾನ್ ತನ್ನ ಮೊದಲ ಕಿರುಚಿತ್ರ ಮಾಡಿದ್ದು 1968ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ. ಸಿನಿಮಾ ಶಾಲೆಯನ್ನು ಕೆಲವೇ ತಿಂಗಳಲ್ಲಿ ಬಿಟ್ಟಿದ್ದಳು. ಹದಿಮೂರು ನಿಮಿಷ, ಕಪ್ಪುಬಿಳುಪು. ನಟಿಸಿದ್ದೂ ಅವಳೇ. ಒಬ್ಬ ಹುಡುಗಿ ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಕೆಲಸಗಳನ್ನು ಮಾಡುತ್ತಾ, ಕೆಡಿಸುತ್ತಾ ಹೋಗುತ್ತಾಳೆ. ಆ ಪೂರ್ತಿ ಹೊತ್ತು ನಮಗೆ ಕೇಳುವುದು ಅವಳು ಗುನುಗುವುದು. ತುಟಿಗೆ ಹೊಂದಿಸಿದ ದನಿ ಅದಲ್ಲ. ಚಿತ್ರ ತೆಗೆದಾದ ಮೇಲೆ ಬೇರೆಯಾಗಿ ಸೇರಿಸಿದ್ದು. ಅದಕ್ಕೇ ಅದು ತಲೆಯ ಒಳಗಿನಿಂದ ಬಂದ ಹಾಗಿದೆ. ಮೊದಲು ಖುಷಿ ಅನ್ನಿಸುವ ಆ ಗುನುಗು ನಿಧಾನಕ್ಕೆ ಭಯ ಹುಟ್ಟಿಸುತ್ತದೆ. ಹುಡುಗಿಯ ಬಗ್ಗೆ ಒಂದು ಮಾತೂ ಹೇಳದೆ ಎಲ್ಲವನ್ನೂ ಹೇಳುತ್ತದೆ. ಅದರಲ್ಲಿ ಯಾವ ವಾದ್ಯವೂ ಇಲ್ಲ. ವಾದ್ಯಗಾರರನ್ನು ಕರೆಸುವ ಅನುಕೂಲ ಇಲ್ಲ ಎಂದು ಕೊರಗುವವರಿಗೆ ನಾನು ಯಾವಾಗಲೂ ಈ ಹದಿಮೂರು ನಿಮಿಷಗಳನ್ನು ನೋಡಲು ಹೇಳುತ್ತೇನೆ.

ಸಂಗೀತ ತಡವಾಗಿ ಬಂದರೂ ನಡೆಯುತ್ತದೆ. ಮಾಯಾ ಡೆರೆನ್ ಹುಟ್ಟಿದ್ದು 1917ರಲ್ಲಿ, ಕೀವ್‌ನಲ್ಲಿ, ಬೇರೆ ಹೆಸರಿನಿಂದ. ಚಿಕ್ಕವಳಿದ್ದಾಗಲೇ ಅಮೆರಿಕಕ್ಕೆ ಬಂದಳು. ಮಾಯಾ ಎನ್ನುವ ಹೆಸರು ಇಟ್ಟುಕೊಂಡದ್ದು 1943ರಲ್ಲಿ, ತನ್ನ ಮೊದಲ ಚಿತ್ರ ಮಾಡಿದ ವರ್ಷವೇ. ಹದಿನಾಲ್ಕು ನಿಮಿಷದ ಆ ಚಿತ್ರದಲ್ಲಿ ಅವಳು ತನ್ನದೇ ಇನ್ನೊಂದು, ಮತ್ತೊಂದು ರೂಪವನ್ನು ಎದುರಾಗುತ್ತಾಳೆ. ಅದಕ್ಕೆ ದನಿಯೇ ಇರಲಿಲ್ಲ. ಟೇಜಿ ಇತೊ ಎನ್ನುವ ಯುವಕ ಅದಕ್ಕೆ ಸಂಗೀತ ಕೊಟ್ಟದ್ದು 1959ರಲ್ಲಿ. ಹದಿನಾರು ವರ್ಷ ಮೂಕವಾಗಿದ್ದ ಚಿತ್ರವನ್ನು ಇವತ್ತು ಹೆಚ್ಚಿನವರು ನೆನಪಿಟ್ಟುಕೊಳ್ಳುವುದು ಆ ಸಂಗೀತದ ಜೊತೆಗೇ. ಟೈಮ್‌ಲೈನಿನಲ್ಲಿ ಮೊದಲ ದಿನವೇ ಒಂದು ರೆಡಿಮೇಡ್ ಟ್ರ್ಯಾಕ್ ಹಾಕಿ, ಅದರ ತಾಳಕ್ಕೆ ಶಾಟ್‌ಗಳನ್ನು ಕತ್ತರಿಸುವವರಿಗೆ ನಾನು ಹೇಳುವುದು ಇಷ್ಟೇ. ಒಂದು ವಾರವಾದರೂ ಚಿತ್ರವನ್ನು ಮೂಕವಾಗಿ ನೋಡಿ. ಅದಕ್ಕೆ ತನ್ನದೇ ಉಸಿರಾಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೂಕ ಎಂದ ಕೂಡಲೇ ಮನೆಯ ಹಳೆಯ ರೀಲುಗಳು ನೆನಪಾಗುತ್ತವೆ. ಮನೆಮಂದಿ ತಾವೇ ಚಿತ್ರ ತೆಗೆಯಲೆಂದು 16 ಎಂಎಂ ಫಿಲ್ಮ್ 1923ರಲ್ಲಿ ಬಂತು, 8 ಎಂಎಂ 1932ರಲ್ಲಿ, ಸೂಪರ್ 8 ಬಂದದ್ದು 1965ರಲ್ಲಿ. ಸೂಪರ್ 8ರ ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್, ಸುಮಾರು ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಅದರಲ್ಲೇ ದನಿಯನ್ನೂ ಹಿಡಿಯುವ ಕಾರ್ಟ್ರಿಜ್ ಬಂದದ್ದು 1973ರಲ್ಲಿ. ಹೀಗಾಗಿ ಐವತ್ತು ವರ್ಷಗಳ ಮನೆಯ ನೆನಪುಗಳು ಹೆಚ್ಚುಕಡಿಮೆ ದನಿಯೇ ಇಲ್ಲದವು. ಮಕ್ಕಳು ಬಾಯಿ ತೆರೆದು ಹಾಡುತ್ತಾರೆ, ಯಾವ ಹಾಡು ಎಂದು ಗೊತ್ತಿಲ್ಲ. ಇಂಥ ರೀಲು ಸಿಕ್ಕಿದ ಯುವಕರು ತಟ್ಟನೆ ಅದರ ಕೆಳಗೆ ಹಳೆಯ ಸಿನಿಮಾ ಹಾಡೊಂದನ್ನು ಹಾಕಿಬಿಡುತ್ತಾರೆ. ಬೇಡ ಅನ್ನಿಸುತ್ತದೆ ನನಗೆ. ಆ ಬಾಯಿಗಳು ಇನ್ನೇನನ್ನೋ ಹಾಡುತ್ತಿದ್ದವು. ಒಬ್ಬ ಹುಡುಗ ಅಂಥ ರೀಲಿನ ಮೇಲೆ ಪ್ರೊಜೆಕ್ಟರ್‌ನ ಸದ್ದು ಮತ್ತು ಅದನ್ನು ನೋಡುತ್ತಿರುವ ತನ್ನ ಅತ್ತೆಯ ಉಸಿರನ್ನು ಮಾತ್ರ ಇಟ್ಟಿದ್ದ. ಒಂದು ಕಡೆ ಅತ್ತೆ ನಗುತ್ತಾರೆ. ಪರದೆಯ ಮೇಲೆ ನಗುವಂಥದ್ದೇನೂ ಇಲ್ಲ. ಅವರಿಗೆ ಏನು ಕೇಳಿಸಿತೋ.

ಬೇರ್ಪಟ್ಟ ದನಿಯೂ ಚಿತ್ರವೂ ಮತ್ತೆ ಸೇರಿದ್ದೂ ಉಂಟು. 1894ರ ಕೊನೆ ಇಲ್ಲವೇ 1895ರ ಶುರುವಿನಲ್ಲಿ ಎಡಿಸನ್ ಸ್ಟುಡಿಯೊದಲ್ಲಿ ವಿಲಿಯಂ ಡಿಕ್ಸನ್ ದೊಡ್ಡ ಕೊಳವೆಯೊಂದರ ಮುಂದೆ ನಿಂತು ಪಿಟೀಲು ನುಡಿಸಿದ, ಪಕ್ಕದಲ್ಲಿ ಇಬ್ಬರು ಗಂಡಸರು ಕುಣಿದರು. ಚಿತ್ರ ಉಳಿಯಿತು, ಹದಿನೇಳು ಸೆಕೆಂಡಿನದು. ದನಿ ಇದ್ದ ಮೇಣದ ಸಿಲಿಂಡರ್ ಒಡೆದು ಬೇರೆಲ್ಲೋ ಬಿದ್ದಿತ್ತು. ಅದನ್ನು ಕೂಡಿಸಿ, ಅಮೆರಿಕದ ಸಿನಿಮಾ ಮತ್ತು ಸೌಂಡ್ ಎಡಿಟರ್ ವಾಲ್ಟರ್ ಮರ್ಚ್ ಎರಡನ್ನೂ ಹೊಂದಿಸುವ ಹೊತ್ತಿಗೆ ನೂರು ವರ್ಷ ದಾಟಿತ್ತು. ಸಂಗೀತ, ಇಬ್ಬರ ಕುಣಿತ, ಹದಿನೇಳು ಸೆಕೆಂಡ್. ಸಿನಿಮಾ ಶುರುವಾದದ್ದೇ ಕಿರುಚಿತ್ರದಿಂದ ಎನ್ನುವುದನ್ನು ನಾವು ಮರೆಯಬಾರದು.

ತಾನು ನೋಡದೇ ಇರುವುದರ ನೆನಪು ಎನ್ನುವುದೂ ಇದೆ. ಹಿಂದಿನ ತಲೆಮಾರಿನ ದೊಡ್ಡ ನೋವು ಮಕ್ಕಳೊಳಗೆ ತಮ್ಮದೇ ನೆನಪಿನಂತೆ ಬಂದು ಕೂರುವುದನ್ನು ಸಾಹಿತ್ಯ ವಿದ್ವಾಂಸೆ ಮರಿಯಾನ್ ಹಿರ್ಷ್ 'ಪೋಸ್ಟ್‌ಮೆಮೊರಿ' ಎಂದು ಕರೆದಳು. ನಾಜಿ ಶಿಬಿರಗಳಿಂದ ಉಳಿದು ಬಂದವರ ಮಕ್ಕಳ ಬಗ್ಗೆ ಯೋಚಿಸುತ್ತಾ ಅವಳಿಗೆ ಹೊಳೆದ ಮಾತು ಅದು. ರಿಯಾ ತಜಿರಿ 1991ರಲ್ಲಿ ಮಾಡಿದ ಮೂವತ್ತೆರಡು ನಿಮಿಷದ ವಿಡಿಯೊ ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಉದಾಹರಣೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನೀ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ರಿಯಾಳ ಅಮ್ಮನೂ ಅಲ್ಲಿದ್ದವರು. ಕೇಳಿದರೆ ಅವರಿಗೆ ಹೆಚ್ಚೇನೂ ನೆನಪಿಲ್ಲ. ಆದರೆ ಆ ಕಾಲದಲ್ಲಿ ಹುಟ್ಟಿಯೇ ಇರದ ಮಗಳ ತಲೆಯಲ್ಲಿ ಒಂದು ಚಿತ್ರ ಇದೆ: ಮರುಭೂಮಿಯಲ್ಲಿ ಅಮ್ಮ ಒಂದು ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿರುವುದು. ಮಗಳು ಅಲ್ಲಿಗೆ ಹೋಗಿ, ಆ ಚಿತ್ರವನ್ನು ತಾನೇ ನಟಿಸಿ ತೆಗೆದು, ಮರೆತ ಅಮ್ಮನ ಕೈಗೆ ಕೊಡುತ್ತಾಳೆ. ಅವಳು ತೂತನ್ನು ಮುಚ್ಚಲಿಲ್ಲ. ಇದು ನಾನು ಕಟ್ಟಿದ್ದು ಎಂದು ಹೇಳಿಯೇ ಅದರ ಪಕ್ಕದಲ್ಲಿ ಇಟ್ಟಳು. ನಮ್ಮ ಹುಡುಗಿ ಬರೆದ ಎರಡನೇ ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

'ನಾನು ಯಾರು' ಎನ್ನುವುದರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದನ್ನು ದಯವಿಟ್ಟು ವಾಯ್ಸ್‌ಓವರ್‌ನಲ್ಲಿ ಹೇಳಿಸಬೇಡಿ. ಮೊಮ್ಮಗನೊಬ್ಬ ತನಗೆ ಬಾರದ ಭಾಷೆಯ ಹಾಡನ್ನು ಅಜ್ಜಿಯಿಂದ ಕಲಿಯುವಾಗ ನಾಲಿಗೆ ಎಲ್ಲಿ ತೊಡರುತ್ತದೆ ಎನ್ನುವುದನ್ನು ತೋರಿಸಿದರೆ ಸಾಕು. ಆ ತೊಡರಿನಲ್ಲಿ ಅವನ ಶಾಲೆ, ಅವನ ಊರು, ಅವನ ಅಪ್ಪ ಅಮ್ಮ ತೆಗೆದುಕೊಂಡ ನಿರ್ಧಾರಗಳು ಎಲ್ಲಾ ಕೇಳಿಸುತ್ತವೆ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮರೆವಿನ ಕಾಯಿಲೆ ಇರುವ ಹಿರಿಯರ ಕಿವಿಗೆ ಹೆಡ್‌ಫೋನ್ ಇಟ್ಟು, ಹಳೆಯ ಹಾಡು ಹಾಕಿ, ಅವರ ಕಣ್ಣು ಅರಳುವುದನ್ನು ಕ್ಲೋಸಪ್‌ನಲ್ಲಿ ಹಿಡಿಯುವುದು. ಎಷ್ಟೋ ಕಿರುಚಿತ್ರಗಳ ಕೊನೆಯ ಶಾಟ್ ಈಗ ಇದೇ. ಅಲ್ಲಿ ನಡೆಯುವುದು ಸುಳ್ಳಲ್ಲ. ಇಂಗ್ಲೆಂಡಿನ ಸಂಗೀತಗಾರ ಕ್ಲೈವ್ ವೇರಿಂಗ್‌ಗೆ 1985ರಲ್ಲಿ ಮಿದುಳಿಗೆ ಸೋಂಕು ತಗುಲಿ, ಕೆಲವೇ ಕ್ಷಣಗಳ ಹಿಂದಿನದೂ ನೆನಪಿನಲ್ಲಿ ನಿಲ್ಲದಂತಾಯಿತು. ಆದರೂ ಅವರು ಪಿಯಾನೊ ನುಡಿಸಬಲ್ಲವರಾಗಿ ಉಳಿದರು. ಕೈಗೆ ಬರುವ ವಿದ್ಯೆ ಮತ್ತು ನಡೆದ ಘಟನೆಯ ನೆನಪು ಮಿದುಳಿನಲ್ಲಿ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ಆದರೆ ಕ್ಯಾಮೆರಾ ಇದೆ ಎಂದೂ ತಿಳಿಯದ ಮನುಷ್ಯನನ್ನು ನಮ್ಮ ಚಿತ್ರದ ಕೊನೆಗೆ ಬೇಕು ಎಂದು ಅಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಡು ಹಾಕಿ. ಅವರ ಜೊತೆ ಕೂತು ಕೇಳಿ. ಕ್ಯಾಮೆರಾವನ್ನು ಅವರ ಮುಖದಿಂದ ಸ್ವಲ್ಪ ದೂರ ಇಡಿ. ತೋರಿಸಲೇಬೇಕು ಎಂದರೆ ಕೈ ತೋರಿಸಿ. ತಾಳ ಹಾಕುವ ಬೆರಳು ಮುಖಕ್ಕಿಂತ ಹೆಚ್ಚು ಹೇಳುತ್ತದೆ, ಅವರ ಮಾನವನ್ನೂ ಉಳಿಸುತ್ತದೆ.

ಹಕ್ಕುಗಳ ವಿಷಯ ಬೇಜಾರಿನದು, ಆದರೆ ಗೊತ್ತಿರಬೇಕು. ಒಂದು ಹಾಡಿಗೆ ಎರಡು ಹಕ್ಕು ಇರುತ್ತವೆ. ಹಾಡು ಕಟ್ಟಿದವರದು ಒಂದು, ಆ ರೆಕಾರ್ಡಿಂಗ್ ಮಾಡಿದವರದು ಇನ್ನೊಂದು. ನೀವೇ ಗುನುಗಿದರೆ ಎರಡನೆಯದರಿಂದ ಬಿಡುಗಡೆ, ಮೊದಲನೆಯದರಿಂದ ಅಲ್ಲ. ಹುಟ್ಟುಹಬ್ಬಕ್ಕೆ ಲೋಕವೇ ಹಾಡುವ ಆ ಹಾಡಿನ ಮೇಲೂ ಒಂದು ಕಂಪನಿ ಹಕ್ಕು ಸಾಧಿಸುತ್ತಿತ್ತು. ಆ ಹಾಡಿನ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಹೊರಟ ನಿರ್ದೇಶಕಿಯೊಬ್ಬಳು ಕೋರ್ಟಿಗೆ ಹೋದಳು. 2015ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕು ನಿಲ್ಲುವುದಿಲ್ಲ ಎಂದಿತು. ಅಲ್ಲಿಯವರೆಗೆ ಮನೆಯ ವಿಡಿಯೊವೊಂದನ್ನು ಚಿತ್ರಕ್ಕೆ ಸೇರಿಸುವವರು ದುಡ್ಡು ಕೊಡಬೇಕಾಗಿತ್ತು, ಇಲ್ಲವೇ ಕೇಕ್ ಕತ್ತರಿಸುವ ಹೊತ್ತಿಗೆ ದನಿ ಕಡಿಮೆ ಮಾಡಬೇಕಾಗಿತ್ತು.

ಇಷ್ಟನ್ನೆಲ್ಲ ನಾನು ಅವಳಿಗೆ ಒಂದೇ ಸಲ ಹೇಳಲಿಲ್ಲ. ಮೂರು ನಾಲ್ಕು ಫೋನ್ ಕರೆಗಳಲ್ಲಿ, ಬಿಟ್ಟು ಬಿಟ್ಟು ಹೇಳಿದೆ. ಗಾಯಕಿಯನ್ನು ತೆಗೆದುಬಿಡು ಎಂದು ಹೇಳುವಾಗ ನನಗೂ ಕಷ್ಟವಾಯಿತು, ಯಾಕೆಂದರೆ ಆ ಸಾಲನ್ನು ಅವಳು ತುಂಬಾ ಅಕ್ಕರೆಯಿಂದ ಬರೆದಿದ್ದಳು. ಎರಡು ದಿನ ಅವಳು ಮಾತಾಡಲಿಲ್ಲ. ಮೂರನೇ ದಿನ ಕೇಳಿದಳು, "ಹಾಗಾದ್ರೆ ಆ ಹನ್ನೊಂದು ಸೆಕೆಂಡ್ ಏನು ತೋರಿಸ್ಲಿ ಅಕ್ಕಾ?" ನಾನು ಹೇಳಿದೆ, "ಅಮ್ಮನಿಗೆ ಕೇಳಿಸು. ಅವರು ಕೇಳೋದನ್ನ ತೋರಿಸು. ಅಷ್ಟೇ ಕಣೇ."

ಅವಳು ಅದಕ್ಕಿಂತ ಚೆನ್ನಾಗಿ ಮಾಡಿದಳು. ವಾಲ್ಟರ್ ಮರ್ಚ್ ಹಿಂದೆ ಬಳಸುತ್ತಿದ್ದ ಒಂದು ಉಪಾಯ ಅವಳಿಗೆ ಎಲ್ಲೋ ಓದಿ ಗೊತ್ತಿತ್ತು: ರೆಕಾರ್ಡ್ ಆದ ಸಂಗೀತವನ್ನು ನಿಜವಾದ ಜಾಗದಲ್ಲಿ ಸ್ಪೀಕರ್‌ನಿಂದ ನುಡಿಸಿ, ಅದನ್ನು ಮತ್ತೆ ಮೈಕ್‌ನಲ್ಲಿ ಹಿಡಿಯುವುದು. ಆ ಜಾಗದ ಗೋಡೆ, ಗಾಳಿ ಎಲ್ಲಾ ದನಿಗೆ ಅಂಟಿಕೊಳ್ಳುತ್ತವೆ. ಹೊಸ ಕಟ್‌ನಲ್ಲಿ ಧಾಟಿ ಮೂರು ಸಲ ಬರುತ್ತದೆ. ಮೊದಲು ಅಮ್ಮ ಏನೋ ಕೆಲಸ ಮಾಡುತ್ತಾ, ತಮಗೇ ಗೊತ್ತಿಲ್ಲದೆ ಗುನುಗುತ್ತಾರೆ. ಎರಡನೇ ಸಲ ಪಕ್ಕದ ಕೋಣೆಯಲ್ಲಿ ಕ್ಯಾಸೆಟ್ ಓಡುತ್ತಿರುತ್ತದೆ, ಗೋಡೆ ದಾಟಿ ಬಂದ ದನಿ, ಪದ ತಿಳಿಯುವುದಿಲ್ಲ. ಮೂರನೇ ಸಲ ತಾತ ನಮ್ಮ ಕಿವಿಯ ಹತ್ತಿರವೇ ಹಾಡುತ್ತಾರೆ. ಪಿಯಾನೊ ಇಲ್ಲ, ಕೊಳಲಿಲ್ಲ. ಸಾಫ್ಟ್‌ವೇರ್‌ನಿಂದ ತೊಳೆದ ಫೈಲನ್ನು ಬಿಟ್ಟು, ಕ್ಯಾಸೆಟ್‌ನಿಂದ ಮತ್ತೊಮ್ಮೆ ಹೊಸದಾಗಿ, ಸರಸರ ಸದ್ದಿನ ಸಮೇತ ತೆಗೆದುಕೊಂಡಿದ್ದಳು.

ಮೊನ್ನೆ ರಾತ್ರಿ ಅವಳ ಫೋನ್ ಬಂತು. ದನಿ ಬೇರೆ ಥರ ಇತ್ತು.

"ಅಕ್ಕಾ, ಹೆಡ್‌ಫೋನ್ ಹಾಕ್ಕೊಳ್ಳಿ. ಆ ಹನ್ನೊಂದು ಸೆಕೆಂಡ್ ಕೇಳಿ. ವಾಲ್ಯೂಮ್ ಜಾಸ್ತಿ ಇಡಿ."

ಹಾಕಿಕೊಂಡೆ. ತಾತ ಗುನುಗುವುದು ನಿಲ್ಲಿಸಿದರು. ಸರಸರ. ಸರಸರ. ಆಮೇಲೆ, ಬಹಳ ದೂರದಿಂದ, ಕೇಳಿಯೂ ಕೇಳದ ಹಾಗೆ ಒಂದು ದನಿ. ನಿಲ್ಲಿಸಿ ಮತ್ತೆ ಕೇಳಿದೆ. ತಾತನದೇ. "ಗೊತ್ತಲ್ಲ ಪುಟ್ಟಿ" ಎನ್ನುವಷ್ಟು ತಿಳಿಯುತ್ತದೆ. ಅದಾಗಿ ಎರಡು ಸೆಕೆಂಡಿಗೆ ಅವರು ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ.

"ಇದೇನು ಅಕ್ಕಾ? ತಾತ ಹೇಳೋದಕ್ಕೆ ಮೊದಲೇ ಹೇಗೆ ಕೇಳಿಸ್ತಿದೆ?"

ನಮ್ಮ ಕೆಲಸದಲ್ಲಿ ಇದಕ್ಕೆ ಪ್ರಿಂಟ್-ಥ್ರೂ ಎನ್ನುತ್ತಾರೆ. ಟೇಪ್ ಸುರುಳಿ ಸುತ್ತಿಕೊಂಡು ವರ್ಷಗಟ್ಟಲೆ ಇದ್ದರೆ, ಒಂದು ಸುತ್ತಿನಲ್ಲಿರುವ ದನಿಯ ಕಾಂತಶಕ್ತಿ ಅದಕ್ಕೆ ಒತ್ತಿಕೊಂಡಿರುವ ಪಕ್ಕದ ಸುತ್ತಿಗೂ ಸ್ವಲ್ಪ ಅಂಟುತ್ತದೆ. ನುಡಿಸುವಾಗ ಆ ದನಿಯ ನೆರಳು ಒಂದು ಸುತ್ತು ಮೊದಲು, ಇಲ್ಲವೇ ಒಂದು ಸುತ್ತು ಆಮೇಲೆ ಕೇಳುತ್ತದೆ. ಕ್ಯಾಸೆಟ್‌ನ ಟೇಪ್ ಬಹಳ ತೆಳು, ಒಂದು ಸುತ್ತು ಎಂದರೆ ಎರಡು ಮೂರು ಸೆಕೆಂಡ್. ಮಾತಿನ ನಡುವೆ ಅದು ಗೊತ್ತಾಗುವುದಿಲ್ಲ. ಪೂರ್ತಿ ಮೌನ ಇದ್ದಲ್ಲಿ ಮಾತ್ರ ಕೇಳುತ್ತದೆ. ಸದ್ದು ತೊಳೆದ ಫೈಲಿನಲ್ಲಿ ಅದೂ ತೊಳೆದು ಹೋಗಿತ್ತು.

ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತೆಗೀಬೇಕಾ ಅಕ್ಕಾ?" ಎಂದಳು.

"ಬೇಡ ಕಣೇ."

ಚಿತ್ರದಲ್ಲಿ ಈಗ ಅದು ಹಾಗೇ ಇದೆ. ಅಮ್ಮ ಟೇಪ್ ರೆಕಾರ್ಡರ್ ಮುಂದೆ ಕೂತಿದ್ದಾರೆ, ಬೆನ್ನು ನಮ್ಮ ಕಡೆಗೆ. ತಾತ ಗುನುಗುವುದು ನಿಲ್ಲುತ್ತದೆ. ಅಮ್ಮ ಅಲುಗಾಡುವುದಿಲ್ಲ. ಒಂಬತ್ತು ಸೆಕೆಂಡ್ ಬರೀ ಸರಸರ. ಆಮೇಲೆ, ಗೋಡೆಯ ಆಚೆಯಿಂದ ಬಂದ ಹಾಗೆ, ತಾತ ಇನ್ನೂ ಆಡದ ಮಾತು.